ತುಮಕೂರಿನ ಬೇವು, ಮ್ಯೂನಿಕ್ಕಿನ ಸಾಕ್ಷಿ, ಹೊಳಲ್ಕೆರೆಯ ಚಿಕ್ಕಪ್ಪ

ಹೋದ ಆಷಾಢದಲ್ಲಿ ಒಂದು ರಾತ್ರಿ ಒಂಬತ್ತೂವರೆಗೆ ಚಿಕ್ಕಪ್ಪನ ಫೋನು ಬಂತು. ಹೊಳಲ್ಕೆರೆಯಿಂದ ಆ ಹೊತ್ತಿಗೆ ಅವರು ಫೋನ್ ಮಾಡೋದು ಎರಡೇ ಕಾರಣಕ್ಕೆ. ಯಾರಾದರೂ ತೀರಿಕೊಂಡಿರಬೇಕು, ಇಲ್ಲಾ ಬೋರಿನ ಮೋಟರ್ ಸುಟ್ಟಿರಬೇಕು. ಅವತ್ತು ಎರಡೂ ಅಲ್ಲ.

"ಏನಪ್ಪಾ, ಮಲಗಿಬಿಟ್ಟಿದ್ಯಾ? ಒಂದು ದೊಡ್ಡ ಕಂಪನಿಯೋರು ಫೋನ್ ಮಾಡಿದ್ರು ಕಣೋ. ನಮ್ಮ ಮಿಷನ್ ನೋಡಬೇಕಂತೆ. ಬೆಂಗಳೂರಿಗೆ ಬನ್ನಿ, ಡ್ರಾಯಿಂಗೂ ತಗೊಂಡು ಬನ್ನಿ ಅಂದ್ರು. ಬಸ್ ಚಾರ್ಜು, ಊಟ ಎಲ್ಲಾ ಅವರದೇ."

ಮಿಷನ್ ಅಂದರೆ ಬೇವಿನ ಹಣ್ಣಿನ ತಿರುಳು ಬಿಡಿಸುವ ಯಂತ್ರ. ಮುಂಗಾರು ಶುರುವಾಗುವ ಹೊತ್ತಿಗೆ ನಮ್ಮ ಕಡೆ ಬೇವಿನ ಹಣ್ಣು ಉದುರುತ್ತೆ. ಹೆಂಗಸರು, ಮಕ್ಕಳು ಬೆಳಗ್ಗೆ ಎದ್ದು ಮರದ ಕೆಳಗೆ ಗುಡಿಸಿ ಚೀಲಕ್ಕೆ ತುಂಬ್ತಾರೆ. ತಿರುಳು ಬೇಗ ಬಿಡಿಸಿ ನೆರಳಲ್ಲಿ ಒಣಗಿಸದಿದ್ದರೆ ಬೀಜಕ್ಕೆ ಬೂಷ್ಟು ಹಿಡಿಯುತ್ತೆ, ಬೂಷ್ಟು ಹಿಡಿದ ಬೀಜಕ್ಕೆ ಬೆಲೆ ಇಲ್ಲ. ಕೈಯಲ್ಲಿ ತಿಕ್ಕಿ ತೊಳೆಯೋದು ನಾಲ್ಕು ಜನರ ದಿನಗೂಲಿ. ಅಡಿಕೆ ತೋಟ ಮಾಡಿಕೊಂಡಿದ್ದ ಚಿಕ್ಕಪ್ಪ, ಹೈಸ್ಕೂಲಿನ ಮೇಲೆ ಓದದವರು, ಮೂರು ಮಳೆಗಾಲ ಷೆಡ್ಡಿನಲ್ಲಿ ಕೂತು ಇದಕ್ಕೊಂದು ಉಪಾಯ ಕಂಡುಹಿಡಿದರು. ಬೀಜ ಒಡೆಯಲ್ಲ, ತಿರುಳು ಪೂರ್ತಿ ಹೋಗುತ್ತೆ. ಒಳಗೆ ಏನಿದೆ ಅಂತ ಇಲ್ಲಿ ಬರೆಯೋದಿಲ್ಲ. ಬರೆದರೆ ಅದೇ ಒಂದು ಪ್ರಕಟಣೆ ಆಗಿ ಕಾನೂನಿನ ಕಣ್ಣಿಗೆ ಬೀಳುತ್ತೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ, ಅದರಲ್ಲಿ ನನ್ನದೇ ಒಂದು ಎಡವಟ್ಟೂ ಇದೆ.

"ಚಿಕ್ಕಪ್ಪಾ, ಒಂದು ವಾರ ತಡೀರಿ. ಡ್ರಾಯಿಂಗ್ ಯಾರಿಗೂ ಕಳಿಸಬೇಡಿ, ವಾಟ್ಸಾಪಿನಲ್ಲೂ ಬೇಡ" ಅಂದೆ. ಸರಿ ಅಂದರು, ಆದರೆ ಧ್ವನಿಯಲ್ಲಿ ಸ್ವಲ್ಪ ಬೇಜಾರಿತ್ತು. ದೊಡ್ಡವರು ಮನೆ ಬಾಗಿಲಿಗೆ ಬಂದಾಗ ಕಾಯಿಸೋದು ನಮ್ಮ ಕಡೆ ಮರ್ಯಾದೆಯಲ್ಲ.

ಆ ಒಂದು ವಾರ ನಾನು ಓದಿದ್ದು ಬೇವಿನ ಕತೆ. ಪೇಟೆಂಟ್ ಅಂದ ಕೂಡಲೇ ನಮ್ಮ ಆಫೀಸಿನಲ್ಲಿ ಸಾಫ್ಟ್‌ವೇರ್, ಚಿಪ್ಪು, ಅಮೆರಿಕದ ಕೋರ್ಟು ಅಂತ ಮಾತಾಡ್ತೀವಿ. ಈ ವಿಷಯದಲ್ಲಿ ಪ್ರಪಂಚವೇ ತಿರುಗಿ ನೋಡಿದ ಒಂದು ಜಗಳದ ಒಂದು ತುದಿ ಇದ್ದದ್ದು ನಾನು ಊರಿಗೆ ಹೋಗುವ ದಾರಿಯಲ್ಲೇ, ತುಮಕೂರಿನಲ್ಲಿ. ತುಮಕೂರು, ಶಿರಾ, ಹಿರಿಯೂರು ದಾಟಿ, ಚಿತ್ರದುರ್ಗದಲ್ಲಿ ಹೆದ್ದಾರಿ ಬಿಟ್ಟು ಶಿವಮೊಗ್ಗದ ರಸ್ತೆ ಹಿಡಿದು ಎಷ್ಟು ಸಲ ಹೋಗಿದ್ದೇನೋ. ತುಮಕೂರು ಬಂದಾಗ ನನಗೆ ನೆನಪಾಗುತ್ತಿದ್ದದ್ದು ತಟ್ಟೆ ಇಡ್ಲಿ ಮಾತ್ರ.

ಕತೆ ಶುರುವಾಗೋದು 1971ರಲ್ಲಿ. ರಾಬರ್ಟ್ ಲಾರ್ಸನ್ ಅನ್ನುವ ಅಮೆರಿಕದ ಮರದ ವ್ಯಾಪಾರಿ ಭಾರತದಲ್ಲಿ ಬೇವಿನ ಉಪಯೋಗ ನೋಡಿ ಬೆರಗಾದ. ಬೀಜವನ್ನು ವಿಸ್ಕಾನ್ಸಿನ್‌ನ ತನ್ನ ಕಂಪನಿಗೆ ತರಿಸಿಕೊಂಡು ಸುಮಾರು ಹತ್ತು ವರ್ಷ ಪರೀಕ್ಷೆ ಮಾಡಿದ. ಮಾರ್ಗೋಸಾನ್-ಒ ಅನ್ನುವ ಕೀಟನಾಶಕ ಮಾಡಿ 1985ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಒಪ್ಪಿಗೆ ಪಡೆದ. ಮೂರು ವರ್ಷದ ನಂತರ, 1988ರಲ್ಲಿ, ಅದರ ಪೇಟೆಂಟನ್ನು ಡಬ್ಲ್ಯು.ಆರ್. ಗ್ರೇಸ್ ಅನ್ನುವ ಭಾರೀ ರಾಸಾಯನಿಕ ಕಂಪನಿಗೆ ಮಾರಿದ. ಲಾರ್ಸನ್‌ನನ್ನು ಕಳ್ಳ ಅನ್ನೋದು ಸುಲಭ, ನಾನು ಅನ್ನಲ್ಲ. ಅವನು ಕೆಲಸ ಮಾಡಿದ್ದ. ಆದರೆ ಗಮನಿಸಬೇಕಾದ್ದು ಇದು: ಒಂಟಿ ಮನುಷ್ಯನೊಬ್ಬ ದೊಡ್ಡ ಕಂಪನಿಯ ಎದುರು ಕೂತಾಗ ಅವನ ಕೈಯಲ್ಲಿ ಒಂದು ಕಾಗದ ಇತ್ತು. ಕಂಪನಿ ಕೊಂಡದ್ದು ಆ ಕಾಗದವನ್ನು.

ನಮ್ಮ ಕಡೆ ಕಾಗದ ಇರಲಿಲ್ಲ. ಜ್ಞಾನ ಇತ್ತು. ನಮ್ಮಜ್ಜಿ ರಾಗಿ, ಅವರೆಕಾಳಿನ ಗುಡಾಣಕ್ಕೆ ಬೇವಿನ ಸೊಪ್ಪು ಹಾಕದೆ ಮುಚ್ಚಳ ಹಾಕುತ್ತಿರಲಿಲ್ಲ. ತೋಟಕ್ಕೆ ಬೇವಿನ ಹಿಂಡಿ, ಅಮ್ಮ ಆದವರಿಗೆ ಬೇವಿನ ಸೊಪ್ಪು, ಯುಗಾದಿಗೆ ಬೇವು-ಬೆಲ್ಲ. ಇದು ಅಜ್ಜಿಯರ ಮಾತಷ್ಟೇ ಅಲ್ಲ, ಪ್ರಯೋಗಾಲಯಕ್ಕೂ ಹೋಗಿತ್ತು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತವರ ತಂಡ ಬೇವಿನ ಬೀಜದ ಪುಡಿ ಕಲಸಿದ ನೀರನ್ನು ಬೆಳೆಗೆ ಸಿಂಪಡಿಸಿದಾಗ ಮಿಡತೆಗಳು ಆ ಬೆಳೆ ಮುಟ್ಟಲಿಲ್ಲ. ಅದಕ್ಕೂ ಮೊದಲು, 1959ರಲ್ಲಿ, ಸುಡಾನಿನಲ್ಲಿ ಜರ್ಮನಿಯ ಕೀಟವಿಜ್ಞಾನಿ ಹೈನ್ರಿಚ್ ಷ್ಮುಟರರ್ ಮಿಡತೆಯ ದಂಡು ಎಲ್ಲ ಹಸಿರನ್ನೂ ತಿಂದು ಬೇವನ್ನು ಮಾತ್ರ ಬಿಟ್ಟು ಹೋದದ್ದನ್ನು ನೋಡಿದ್ದ. 1968ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಬೀಜದೊಳಗಿನ ಅಜಾಡಿರಾಕ್ಟಿನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಅದನ್ನು ಪ್ರಯೋಗಾಲಯದಲ್ಲಿ ಪೂರ್ತಿಯಾಗಿ ಕಟ್ಟೋಕೆ ಕೇಂಬ್ರಿಜ್‌ನ ಸ್ಟೀವನ್ ಲೇ ತಂಡಕ್ಕೆ 22 ವರ್ಷ ಬೇಕಾಯ್ತು, ಮುಗಿದದ್ದು 2007ರಲ್ಲಿ. ಹಿತ್ತಲ ಮರ ಅದನ್ನು ಪ್ರತಿ ಬೇಸಿಗೆಯಲ್ಲೂ ಸುಮ್ಮನೆ ಮಾಡುತ್ತೆ.

ಗ್ರೇಸ್ ಕಂಪನಿಗೆ ಬೀಜ ಬೇಕಿತ್ತು, ಬೀಜ ಇದ್ದದ್ದು ಇಲ್ಲಿ. 1993ರಲ್ಲಿ ವಂದನಾ ಶಿವ ಮತ್ತು ರಾಧಾ ಹೊಳ್ಳ-ಭರ್ ಬರೆದ ಲೇಖನವೊಂದರಲ್ಲಿ ಆಗ ನಡೆದದ್ದರ ವಿವರ ಇದೆ. ಗ್ರೇಸ್‌ನವರು ಭಾರತದ ಹಲವು ಸಣ್ಣ ತಯಾರಕರ ಹತ್ತಿರ ಹೋದರು. ಕೇಳಿದ್ದು ಎರಡರಲ್ಲಿ ಒಂದು: ನಿಮ್ಮ ತಂತ್ರಜ್ಞಾನ ನಮಗೆ ಮಾರಿ, ಅಥವಾ ಕೀಟನಾಶಕ ಮಾಡೋದು ನಿಲ್ಲಿಸಿ ನಮಗೆ ಕಚ್ಚಾ ಮಾಲು ಕೊಡಿ. ಎಂ.ಎನ್. ಸುಖಾತ್ಮೆ ಅನ್ನುವವರ ಕಂಪನಿ ಆಗಲೇ ಬೇವಿನ ಕೀಟನಾಶಕ ಮಾಡುತ್ತಿತ್ತು. ಬಿಸಿ ಮಾಡದೆ, ರಾಸಾಯನಿಕವಾಗಿ ಬದಲಿಸದೆ, ಕೆಡದ ಹಾಗೆ ಸಾರ ತೆಗೆಯುವ ವಿಧಾನ ಅವರಿಗೆ ಗೊತ್ತಿತ್ತು. ಅದನ್ನು ಮಾರಿ ಅಂತ ಒತ್ತಡ ಬಂತು, ಅವರು ಮಾರಲಿಲ್ಲ. ಕೊನೆಗೆ ಗ್ರೇಸ್‌ಗೆ ಜೊತೆ ಸಿಕ್ಕಿದ್ದು ಪಿ.ಜೆ. ಮಾರ್ಗೊ ಅನ್ನುವ ನಮ್ಮದೇ ರಾಜ್ಯದ ಕಂಪನಿ. ತುಮಕೂರಿನಲ್ಲಿ ಘಟಕ, ದಿನಕ್ಕೆ 20 ಟನ್ ಬೀಜ ಅರೆಯುವ ಲೆಕ್ಕ. ಅದೇ ಲೇಖನ ಹೇಳುವ ಹಾಗೆ, ಎರಡು ದಶಕದಲ್ಲಿ ಟನ್ನಿಗೆ 300 ರೂಪಾಯಿ ಇದ್ದ ಬೇವಿನ ಬೀಜ 3000, 4000ಕ್ಕೆ ಏರಿತ್ತು. ಬೀಜ ಆಯುವವರಿಗೆ ಎರಡು ಕಾಸು ಹೆಚ್ಚು ಸಿಕ್ಕಿದರೆ ಒಳ್ಳೇದೇ ಅಲ್ಲವಾ ಅಂತ ನನಗೂ ಅನ್ನಿಸಿತು. ಆದರೆ ಅದೇ ಬೀಜವನ್ನು ಬಿಟ್ಟಿಯಾಗಿ ತಂದುಕೊಳ್ಳುತ್ತಿದ್ದ ರೈತನಿಗೆ ಅದು ದುಡ್ಡು ಕೊಡಬೇಕಾದ ಸರಕಾಯ್ತು.

ಆ ವರ್ಷಗಳ ಬೆಂಗಳೂರಿನ ಹವಾ ಬೇರೆಯೇ ಇತ್ತು. 1992ರ ಡಿಸೆಂಬರ್ 29ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಕಾರ್ಗಿಲ್ ಬೀಜ ಕಂಪನಿಯ ಬೆಂಗಳೂರಿನ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಎಸೆದು ಸುಟ್ಟರು. ಮರುವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಘಟಕವನ್ನು ಕೆಡವಿದರು. 1993ರ ಗಾಂಧಿ ಜಯಂತಿಯಂದು ಬೆಂಗಳೂರಿನಲ್ಲಿ ಡಂಕೆಲ್ ಪ್ರಸ್ತಾವದ ವಿರುದ್ಧ ಲಕ್ಷಗಟ್ಟಲೆ ರೈತರು ಸೇರಿದರು. ಹಸಿರು ಶಾಲು ಹಾಕಿಕೊಂಡು ಲಾರಿ ಹತ್ತಿ ಹೋದ ನಮ್ಮ ಊರಿನವರ ಕತೆ ನಾನು ಚಿಕ್ಕವನಿದ್ದಾಗ ಕೇಳಿದ್ದೆ. ಡಂಕೆಲ್ ಅಂದರೆ ಯಾರೋ ರಾಕ್ಷಸ ಅಂದುಕೊಂಡಿದ್ದೆ. ಆತ ಜಿನೀವಾದಲ್ಲಿದ್ದ ಅಧಿಕಾರಿ, ಹೆಸರು ಆರ್ಥರ್ ಡಂಕೆಲ್ ಅಂತ ಗೊತ್ತಾದದ್ದು ಬಹಳ ತಡವಾಗಿ.

1994ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಕೃಷಿ ಇಲಾಖೆಗೂ ಗ್ರೇಸ್‌ಗೂ ಜಂಟಿಯಾಗಿ ಒಂದು ಪೇಟೆಂಟ್ ಕೊಟ್ಟಿತು. ಸಂಖ್ಯೆ 436257. ವಿಷಯ, ನೀರಿಗೆ ಒಗ್ಗದ ಬಗೆಯ ಬೇವಿನ ಎಣ್ಣೆ ಬಳಸಿ ಗಿಡಗಳ ಶಿಲೀಂಧ್ರ ರೋಗ ತಡೆಯುವ ವಿಧಾನ. ಇಲ್ಲಿ ಒಂದು ವಿಪರ್ಯಾಸ ಇದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಗಿಡದ ರೋಗ ವಾಸಿ ಮಾಡುವ ವಿಧಾನಕ್ಕೆ ಆಗ ಪೇಟೆಂಟ್ ಕೊಡುತ್ತಲೇ ಇರಲಿಲ್ಲ. ಆ ಕಲಮಿನಿಂದ ಗಿಡ ಅನ್ನುವ ಪದ ತೆಗೆದದ್ದು 2002ರ ತಿದ್ದುಪಡಿಯಲ್ಲಿ. ಅಂದರೆ ಪುಣೆಯ, ಮೈಸೂರಿನ ಯಾರೋ ಒಬ್ಬರು ಇದನ್ನೇ ಮೊದಲು ಮಾಡಿ ಅರ್ಜಿ ಹಾಕಿದ್ದರೂ ಇಲ್ಲಿ ತಿರಸ್ಕಾರವೇ. ರೈತನಿಗೆ ಔಷಧ ತುಟ್ಟಿಯಾಗಬಾರದು ಅಂತ ಮಾಡಿದ ಕಾನೂನು ಅದು, ಉದ್ದೇಶ ಒಳ್ಳೇದೇ. ಆದರೆ ಗಡಿಯಾಚೆ ಬೇರೆ ಆಟ ನಡೆಯುತ್ತಿತ್ತು. ಅಮೆರಿಕದ ಕಾನೂನಂತೂ ಇನ್ನೂ ತಮಾಷೆ. 2013ರ ಮಾರ್ಚ್‌ವರೆಗೆ ಅಲ್ಲಿ, ಬೇರೆ ದೇಶದಲ್ಲಿ ಜನ ಬಳಸುತ್ತಿದ್ದರೆ ಅದು ಲೆಕ್ಕಕ್ಕಿರಲಿಲ್ಲ, ಅಚ್ಚಾಗಿದ್ದರೆ ಅಥವಾ ಪೇಟೆಂಟ್ ಆಗಿದ್ದರೆ ಮಾತ್ರ ಲೆಕ್ಕ. ನಮ್ಮಜ್ಜಿಯ ಗುಡಾಣ ಅಮೆರಿಕದಲ್ಲಿ ಇರಲೇ ಇಲ್ಲ ಅಂದ ಹಾಗೆ.

1995ರಲ್ಲಿ ಮೂವರು ಹೆಂಗಸರು ಯುರೋಪಿನಲ್ಲಿ ತಕರಾರು ಹಾಕಿದರು: ವಂದನಾ ಶಿವ, ಯುರೋಪ್ ಸಂಸತ್ತಿನ ಮ್ಯಾಗ್ದಾ ಆಲ್ವೊಟ್, ಸಾವಯವ ಕೃಷಿ ಸಂಘಟನೆಗಳ ಒಕ್ಕೂಟದ ಲಿಂಡಾ ಬುಲ್ಲಾರ್ಡ್. ವಿಚಾರಣೆ ಮ್ಯೂನಿಕ್‌ನಲ್ಲಿ ನಡೆದದ್ದು 2000ದ ಮೇ ತಿಂಗಳಲ್ಲಿ. ಬೇವು ನಮ್ಮ ಪರಂಪರೆ ಅನ್ನುವ ಮಾತನ್ನು ಅಲ್ಲಿನ ಅಧಿಕಾರಿಗಳು ಗೌರವದಿಂದಲೇ ಕೇಳಿರಬಹುದು. ಆದರೆ ಪೇಟೆಂಟ್‌ನಲ್ಲಿ ಇದ್ದದ್ದು ಒಂದು ನಿರ್ದಿಷ್ಟ ಬಗೆಯ ಎಣ್ಣೆ, ಒಂದು ನಿರ್ದಿಷ್ಟ ಬಳಕೆ. ಅದಕ್ಕೆ ಎದುರಾಗಿ ಅಷ್ಟೇ ನಿರ್ದಿಷ್ಟವಾದ ಸಾಕ್ಷಿ ಬೇಕು. ಅದನ್ನು ಕೊಟ್ಟವರು ಪುಣೆಯ ಅಭಯ್ ಫಡಕೆ. ಬೇವಿನ ಉತ್ಪನ್ನ ಮಾಡುವ ಸಣ್ಣ ಉದ್ಯಮಿ. 1985 ಮತ್ತು 1986ರಲ್ಲೇ ಪುಣೆ, ಸಾಂಗ್ಲಿ ಜಿಲ್ಲೆಗಳ ಹೊಲಗಳಲ್ಲಿ ಅಂಥದ್ದೇ ಸಾರ ಸಿಂಪಡಿಸಿ ಪ್ರಯೋಗ ಮಾಡಿದ್ದರು. ಗ್ರೇಸ್‌ನ ಅರ್ಜಿಗೆ ಆಧಾರವಾದ ತಾರೀಕು 1989ರ ಡಿಸೆಂಬರ್. ಮೇ 10ರಂದು ಪೇಟೆಂಟ್ ರದ್ದಾಯಿತು. ಗ್ರೇಸ್ ಕಡೆಯವರು ಮೇಲ್ಮನವಿ ಹಾಕಿದರು, 2005ರ ಮಾರ್ಚ್ 8ರಂದು ಅದೂ ವಜಾ. ತಕರಾರಿನಿಂದ ಅಂತ್ಯದವರೆಗೆ ಹತ್ತು ವರ್ಷ. ರದ್ದಾಗಿದ್ದು ಆ ಒಂದು ಪೇಟೆಂಟ್.

ಈ ಕತೆಯಲ್ಲಿ ನನಗೆ ಹಿಡಿಸಿದ ಮನುಷ್ಯ ಫಡಕೆ. ಎಲ್ಲರೂ ಪುರಾಣ, ಪರಂಪರೆ ಅನ್ನುವಾಗ ಅವರ ಹತ್ತಿರ ವರ್ಷ, ಊರು, ಬೆಳೆ ಇತ್ತು. ಅರಿಶಿನದ ಪ್ರಕರಣದಲ್ಲೂ ಹಾಗೇ ಆಯ್ತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಮಿಸ್ಸಿಸ್ಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಕೊಟ್ಟಿದ್ದ ಅಮೆರಿಕದ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ 1997ರಲ್ಲಿ ರದ್ದು ಮಾಡಿಸಿತು. ಅದಕ್ಕೆ ಬಳಸಿದ್ದು ಹಳೇ ಗ್ರಂಥಗಳು ಮತ್ತು 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನ. ಅಚ್ಚಾದದ್ದು ನಿಂತಿತು.

ಇಷ್ಟು ಓದಿ ಚಿಕ್ಕಪ್ಪನಿಗೆ ಫೋನ್ ಮಾಡಿ ಅರ್ಧ ಗಂಟೆ ಬೇವಿನ ಇತಿಹಾಸ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅದಿರ್ಲಿ, ನಾನು ಈಗ ಹೋಗಲೋ ಬೇಡವೋ?" ಅಂದರು.

ಅದಕ್ಕೆ ಉತ್ತರ ಸಿಕ್ಕಿದ್ದು ಬೇರೆ ಒಂದು ಪ್ರಕರಣದಲ್ಲಿ, ಅದೂ ದನದ ಮೇವಿನದ್ದು. ಜಾನ್ ರಿಚರ್ಡ್ ಬ್ರಾಡಿ ಅನ್ನುವ ಮೆಕ್ಯಾನಿಕಲ್ ಎಂಜಿನಿಯರ್ 1972ರಲ್ಲಿ ವರ್ಷವಿಡೀ ಹಸಿರು ಮೇವು ಬೆಳೆಯುವ ಒಂದು ಘಟಕ ರೂಪಿಸಿದ. ಅದಕ್ಕೆ ಬೇಕಾದ, ಶಾಖ ತಡೆಯುವ ಹಲಗೆಗಳಿಗಾಗಿ ಭಾರತದ ಒಂದು ಕಂಪನಿಯ ಜೊತೆ ಮಾತುಕತೆ ನಡೆಯಿತು. ಗೋಪ್ಯವಾಗಿಡಬೇಕು ಅನ್ನುವ ಒಪ್ಪಂದದ ಮೇಲೆ ಡ್ರಾಯಿಂಗ್, ವಿವರ ಎಲ್ಲಾ ಕೊಟ್ಟ. ಕೊನೆಗೆ ಆರ್ಡರ್ ಕುದುರಲಿಲ್ಲ. ಆಮೇಲೆ ನೋಡಿದರೆ ಆ ಕಂಪನಿ ತಾನೇ ಅಂಥದ್ದೊಂದು ಘಟಕ ಮಾಡಿ ಮಾರಲು ಹೊರಟಿತ್ತು. 1987ರಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. ಡ್ರಾಯಿಂಗಿನ ಹಕ್ಕುಸ್ವಾಮ್ಯ ಒಂದು, ನಂಬಿ ಕೊಟ್ಟ ಮಾಹಿತಿಯನ್ನು ಕೊಟ್ಟವನ ವಿರುದ್ಧವೇ ಬಳಸಬಾರದು ಅನ್ನುವ ನ್ಯಾಯ ಇನ್ನೊಂದು. ನಂಬಿಕೆ ಅನ್ನುವ ಪದಕ್ಕೆ ಕೋರ್ಟಿನಲ್ಲೂ ಬೆಲೆ ಇದೆ. ಆದರೆ ನಂಬಿ ಕೊಟ್ಟಿದ್ದೆ ಅಂತ ತೋರಿಸೋಕೆ ಒಂದು ಸಹಿ ಬೇಕು.

ಸಹಿ ಇದ್ದರೂ ಆಯುಷ್ಯ ಹೋಗಬಹುದು. ಕಾರಿನ ವೈಪರ್ ತಡೆತಡೆದು ಓಡುವ ಹಾಗೆ ಮಾಡಿದ ರಾಬರ್ಟ್ ಕರ್ನ್ಸ್‌ನ ಸಿನಿಮಾವನ್ನು ನಿಮ್ಮಲ್ಲಿ ಕೆಲವರು ನೋಡಿರ್ತೀರಿ. ಫೋರ್ಡ್‌ಗೆ ತೋರಿಸಿದ, ಪೇಟೆಂಟೂ ಇತ್ತು, 1978ರಲ್ಲಿ ಕೇಸು ಹಾಕಿದ. 1990ರಲ್ಲಿ ಫೋರ್ಡ್ 1 ಕೋಟಿ 2 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಸಂಸಾರ ಮುರಿದಿತ್ತು. ನಮ್ಮಲ್ಲಿ ಮಧುರೈನ ರಾಮ್‌ಕುಮಾರ್ ಕತೆ ಇನ್ನೊಂದು ಥರ. ಒಂದೇ ಫೋನಿನಲ್ಲಿ ಒಂದಕ್ಕಿಂತ ಹೆಚ್ಚು ಸಿಮ್ ಬಳಸುವುದಕ್ಕೆ 2002ರಲ್ಲಿ ಅರ್ಜಿ, 2008ರಲ್ಲಿ ಪೇಟೆಂಟ್. ಸ್ಯಾಮ್‌ಸಂಗ್ ಅದನ್ನು ಪ್ರಶ್ನಿಸಿತು, 2012ರಲ್ಲಿ ಮೇಲ್ಮನವಿ ಮಂಡಳಿ ಪೇಟೆಂಟನ್ನೇ ರದ್ದು ಮಾಡಿತು. ಪೇಟೆಂಟ್ ಅನ್ನೋದು ಕೋಟೆ ಅಲ್ಲ. ಚಿತ್ರದುರ್ಗದವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ, ಏಳು ಸುತ್ತು ಇದ್ದರೂ ಕಿಂಡಿ ಒಂದು ಇರುತ್ತೆ.

ಈಗ ನನ್ನ ಎಡವಟ್ಟು. ಪರಿಚಯದ ಒಬ್ಬ ಪೇಟೆಂಟ್ ಏಜೆಂಟರ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಇದನ್ನು ಈಗಾಗಲೇ ಎಲ್ಲಾದರೂ ತೋರಿಸಿದ್ದೀರಾ?" ತೋಟದಲ್ಲಿ ಓಡಿಸಿದ್ದಾರೆ ಅಂದೆ. ಯಂತ್ರದ ಸ್ವಭಾವದಿಂದ ಬಯಲಲ್ಲೇ ಪರೀಕ್ಷೆ ಮಾಡಬೇಕಾದ್ದಿದ್ದರೆ ಕಾನೂನಿನಲ್ಲಿ ಒಂದು ವರ್ಷದ ರಿಯಾಯಿತಿ ಇದೆ, ಅದು ಪರವಾಗಿಲ್ಲ ಅಂದರು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನದಲ್ಲಿ ಇಟ್ಟಿದ್ದರೂ ಹನ್ನೆರಡು ತಿಂಗಳು ಸಿಗುತ್ತೆ, ಆದರೆ ಎಲ್ಲ ಮೇಳಗಳೂ ಆ ಪಟ್ಟಿಯಲ್ಲಿ ಇರಲ್ಲ. "ಇಂಟರ್‌ನೆಟ್‌ನಲ್ಲಿ?" ಅಂದರು.

ಎರಡು ವರ್ಷದ ಹಿಂದೆ ಊರಿಗೆ ಹೋದಾಗ ನಾನೇ ನಲವತ್ತು ಸೆಕೆಂಡಿನ ವಿಡಿಯೋ ಮಾಡಿ ಹಾಕಿದ್ದೆ. ಹಿನ್ನೆಲೆಗೆ ಸಿನಿಮಾ ಹಾಡು, ಕೆಳಗೆ 'ನಮ್ಮ ಚಿಕ್ಕಪ್ಪ ನಮ್ಮ ಹೆಮ್ಮೆ'. ಇಬ್ಬರೂ ಕೂತು ನೋಡಿದೆವು. ಮೊದಲ ಮೂವತ್ತು ಸೆಕೆಂಡ್ ಮುಚ್ಚಳ ಮುಚ್ಚಿದೆ, ಹಣ್ಣು ಹೋಗುತ್ತೆ, ಬೀಜ ಬರುತ್ತೆ. ಮೂವತ್ತೊಂದನೇ ಸೆಕೆಂಡಿನಲ್ಲಿ ಚಿಕ್ಕಪ್ಪ ನಗುತ್ತಾ ಮುಚ್ಚಳ ತೆಗೀತಾರೆ. ನಾನೇ "ಒಳಗಡೆ ತೋರಿಸಿ" ಅಂದದ್ದು ಕೇಳಿಸುತ್ತೆ.

ಏಜೆಂಟರು ಬೈಯಲಿಲ್ಲ. ಒಳಗಿನ ಉರುಳೆಯ ವಿಷಯ ಇನ್ನು ಬಿಟ್ಟುಬಿಡಿ, ಅದು ಹೊಸತು ಅಂತ ಹೇಳಿಕೊಳ್ಳೋದು ಕಷ್ಟ ಅಂದರು. ವಿಡಿಯೋ ಅಳಿಸಿದರೂ ಉಪಯೋಗ ಇಲ್ಲ, ಪ್ರಕಟವಾದದ್ದು ಪ್ರಕಟವಾಯ್ತು. ಹೋದ ವರ್ಷ ಚಿಕ್ಕಪ್ಪ ಒಂದು ಬದಲಾವಣೆ ಮಾಡಿದ್ದರು. ಸಣ್ಣ ಹಣ್ಣು, ದಪ್ಪ ಹಣ್ಣು ಎರಡಕ್ಕೂ ಆಗುವ ಒಂದು ಹೊಂದಾಣಿಕೆ. ವಿಡಿಯೋದಲ್ಲಿ ಅದಿಲ್ಲ. "ಅದರ ಮೇಲೆ ಪ್ರಾವಿಷನಲ್ ಹಾಕೋಣ" ಅಂದರು.

ಪ್ರಾವಿಷನಲ್ ಅಂದರೆ ತಾತ್ಕಾಲಿಕ ವಿವರಣೆಯ ಅರ್ಜಿ. ಕರ್ನಾಟಕದವರದ್ದು ಚೆನ್ನೈ ಕಚೇರಿಗೆ ಹೋಗುತ್ತೆ, ಆನ್‌ಲೈನ್‌ನಲ್ಲೇ ಹಾಕಬಹುದು, ವ್ಯಕ್ತಿಗಳಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ಎಲ್ಲ ಮುಗಿದ ಯಂತ್ರವೇ ಆಗಬೇಕಂತಿಲ್ಲ, ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನು ಸ್ಪಷ್ಟವಾಗಿ ಬರೆದಿರಬೇಕು. ಹಾಕಿದ ದಿನವೇ ನಿಮ್ಮ ತಾರೀಕು ಗಟ್ಟಿ. ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತೆ. ಲಾರ್ಸನ್ ಕೈಯಲ್ಲಿದ್ದ ಕಾಗದದಷ್ಟು ಬಲ ಇದಕ್ಕಿಲ್ಲ, ಆದರೆ ಫಡಕೆಯ ಹತ್ತಿರ ಇದ್ದ ತಾರೀಕು ಇದರಲ್ಲಿದೆ. ಆದಿತ್ಯವಾರ ಊರಿಗೆ ಹೋಗಿ, ಷೆಡ್ಡಿನಲ್ಲಿ ಕೂತು, ಚಿಕ್ಕಪ್ಪ ಹೇಳಿದ್ದನ್ನೆಲ್ಲ ಬರೆದುಕೊಂಡೆ. ಅವರು ಮೂರು ಮಳೆಗಾಲ ಬರೆದಿಟ್ಟ ಲೆಕ್ಕದ ಪುಸ್ತಕವೂ ಸಿಕ್ಕಿತು. ಬೇರಿಂಗಿಗೆ ಎಷ್ಟು, ವೆಲ್ಡಿಂಗಿಗೆ ಎಷ್ಟು, ಯಾವ ದಿನ ಎಷ್ಟು ಕೆಜಿ ಬೀಜ ಒಡೆಯಿತು, ಎಲ್ಲಾ ಇತ್ತು. ಸಾಲ ತೀರಿಸೋಕೆ ಬರೆದ ಲೆಕ್ಕ ಅದು. ನನ್ನ ಕಣ್ಣಿಗೆ ಮ್ಯೂನಿಕ್ ಕಂಡಿತು.

ಅರ್ಜಿ ಬುಧವಾರ ಹೋಯ್ತು, ಚಿಕ್ಕಪ್ಪನ ಹೆಸರಿನಲ್ಲೇ. ಆಮೇಲೆ ಕಂಪನಿಗೆ ಒಂದು ಮೇಲ್ ಬರೆದೆವು: ಬರ್ತೀವಿ, ಯಂತ್ರ ಏನು ಮಾಡುತ್ತೆ ಅನ್ನೋದನ್ನು ತೋರಿಸ್ತೀವಿ, ಹೇಗೆ ಅನ್ನೋದಕ್ಕೆ ಮೊದಲು ಗೋಪ್ಯತೆಯ ಒಪ್ಪಂದ ಆಗಲಿ. ಎರಡು ದಿನಕ್ಕೆ ಅವರದೇ ಒಂದು ನಮೂನೆ ಬಂತು, ನಾಲ್ಕು ಪುಟ. ಮೂರನೇ ಪುಟದ ಮಧ್ಯೆ, ನೀವು ನಮಗೆ ಕೊಡುವ ಯಾವ ಮಾಹಿತಿಯೂ ಗೋಪ್ಯ ಅಲ್ಲ ಅಂತ ಒಪ್ಪಿದ್ದೀರಿ ಅನ್ನುವ ಸಾಲು. ದೊಡ್ಡ ಕಂಪನಿಗಳು ಹೊರಗಿನವರ ಐಡಿಯಾ ಕೇಳುವಾಗ ಹೀಗೆ ಬರೆಸಿಕೊಳ್ಳೋದು ಉಂಟು. ನಾಳೆ ತಮ್ಮದೇ ಎಂಜಿನಿಯರ್ ಅದನ್ನೇ ಮಾಡಿದರೆ ಕೇಸು ಬರಬಾರದು ಅಂತ ಅವರ ಹೆದರಿಕೆ, ಅದೂ ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ಹೆದರಿಕೆಗೆ ಆ ನಮೂನೆಯಲ್ಲಿ ಜಾಗ ಇರಲಿಲ್ಲ. ಆ ಸಾಲು ತೆಗೆಯಿರಿ ಅಂತ ವಾಪಸ್ ಬರೆದೆವು. ವ್ಯಾಪಾರ ರಹಸ್ಯಕ್ಕೆ ಅಂತಲೇ ಬೇರೆ ಕಾನೂನು ಬೇಕು ಅಂತ ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿದೆ. ಅದು ಬರುವವರೆಗೆ ಸಹಿಯೇ ಗತಿ.

ಉತ್ತರ ಬರಲಿಲ್ಲ. ಒಂದು ವಾರ ಆಯ್ತು, ಒಂದು ತಿಂಗಳಾಯ್ತು. ಚಿಕ್ಕಮ್ಮ ಮೊದಲು ಮಾತಾಡಿದ್ದು: "ನಿಮ್ಮ ಕಾಗದ ಪತ್ರ ನೋಡಿ ಅವರು ಓಡಿಹೋದ್ರು. ಸುಮ್ನೆ ತೋರಿಸಿದ್ರೆ ಇಷ್ಟೊತ್ತಿಗೆ ನಾಲ್ಕು ದುಡ್ಡು ಬಂದಿರೋದು." ಹಬ್ಬಕ್ಕೆ ಊರಿಗೆ ಹೋದಾಗ ನನಗೆ ಹೋಳಿಗೆ ಬಡಿಸುವಾಗಲೂ ಮುಖ ನೋಡಲಿಲ್ಲ. ಅವರು ಹೇಳಿದ್ದು ತಪ್ಪು ಅಂತ ಸಾಧಿಸೋಕೆ ನನ್ನ ಹತ್ತಿರ ಏನೂ ಇಲ್ಲ. ಸುಖಾತ್ಮೆ ಮಾರದೆ ಉಳಿದರು, ಅದರಿಂದ ಅವರ ಮನೆಯಲ್ಲಿ ಯಾರು ಏನಂದರು ಅನ್ನೋದು ಯಾವ ಲೇಖನದಲ್ಲೂ ಇಲ್ಲ.

ಸಂಜೆ ಚಿಕ್ಕಪ್ಪ ಬಯಲು ಗಣಪತಿ ಕಡೆ ಹೋಗಿ ಬರೋಣ ಬಾ ಅಂದರು. ದಾರಿಯಲ್ಲಿ ಏನೂ ಮಾತಿಲ್ಲ. ವಾಪಸ್ ಬರುವಾಗ ಬೇವಿನ ಮರದ ಕೆಳಗೆ ಬೈಕ್ ನಿಲ್ಲಿಸಿ, "ಪೂರ್ಣದ್ದು ಹಾಕೋಕೆ ಇನ್ನೆಷ್ಟು ದಿನ ಇದೆ?" ಅಂದರು.

"ಹತ್ತು ತಿಂಗಳು ಚಿಕ್ಕಪ್ಪ."

"ಹಂಗಾದ್ರೆ ಇನ್ನೊಂದು ಮುಂಗಾರು ಸಿಗುತ್ತೆ" ಅಂದರು. "ಆ ಹೊಂದಾಣಿಕೆಯಲ್ಲಿ ಇನ್ನೂ ಒಂದು ಸಣ್ಣ ತೊಂದರೆ ಇದೆ. ಹೇಳ್ತೀನಿ, ಆದರೆ ಮೊದಲು ಆ ಮೊಬೈಲ್ ಜೇಬಲ್ಲಿಡು."